ಗ್ಯಾಸ್ಕೆಟ್ ಹೊಸದು, ಮ್ಯಾನಿಫೋಲ್ಡ್ ಹೊಸದು, ಆದರೂ ಲೀಕ್ ಯಾಕೆ?

ಓದುಗರ ಪ್ರಶ್ನೆ: ನನ್ನದು ಹಳೆಯ ವಿ8 ಎಂಜಿನ್, ಕಾರ್ಬೊರೇಟರ್ ಇರುವುದು. ಬ್ಲಾಕ್, ಹೆಡ್ ಎರಡೂ ಎರಕದ ಕಬ್ಬಿಣ. ಎಂಜಿನ್ ಬಿಚ್ಚಿದಾಗ ಹೆಡ್‌ಗಳಿಗೆ ಫೇಸಿಂಗ್ (ಯಂತ್ರದಲ್ಲಿ ಮುಖ ಕತ್ತರಿಸಿ ಸಮತಟ್ಟು ಮಾಡುವುದು) ಮಾಡಿಸಿದೆ. ಜೋಡಿಸುವಾಗ ಕಬ್ಬಿಣದ ಹಳೆ ಇಂಟೇಕ್ ಮ್ಯಾನಿಫೋಲ್ಡ್ (ಕಾರ್ಬೊರೇಟರ್‌ನಿಂದ ಹೆಡ್‌ಗಳಿಗೆ ಗಾಳಿ-ಪೆಟ್ರೋಲ್ ಒಯ್ಯುವ ಭಾಗ) ಬಿಟ್ಟು ಹೊರಗಿನ ತಯಾರಿಕೆಯ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಹಾಕಿದೆ. ಮೊದಲ ಸಲ ಗ್ಯಾಸ್ಕೆಟ್ ಒಣದಾಗಿಯೇ ಕೂರಿಸಿ, ಮುಂದೆ ಹಿಂದೆ ಕಿಟ್‌ನಲ್ಲಿ ಬಂದ ರಬ್ಬರ್ ಪಟ್ಟಿ ಇಟ್ಟೆ. ಹಿಂದಿನಿಂದ ಆಯಿಲ್ ಜಿನುಗಿತು, ಐಡಲಿಂಗ್ ನಿಲ್ಲದೆ ಏರಿಳಿಯಿತು. ಎರಡನೇ ಸಲ ಗ್ಯಾಸ್ಕೆಟ್‌ನ ಎರಡೂ ಬದಿಗೆ, ಗಾಳಿ-ಪೆಟ್ರೋಲ್ ಹೋಗುವ ಪೋರ್ಟ್‌ಗಳ ಸುತ್ತ ಸೇರಿಸಿ, ಧಾರಾಳವಾಗಿ ಸಿಲಿಕೋನ್ ಬಳಿದೆ. ಈಗ ಹೊರಗೆ ಒಂದು ಹನಿಯೂ ಇಲ್ಲ. ಆದರೆ ಆಕ್ಸಿಲರೇಟರ್ ಬಿಟ್ಟಾಗ ನೀಲಿ ಹೊಗೆ ಬರುತ್ತದೆ. ಆಯಿಲ್ ಕಡಿಮೆಯಾಗುತ್ತಿದೆ, ಎರಡು ಪ್ಲಗ್ ಒದ್ದೆ, ಕೂಲೆಂಟ್ ಕೂಡ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. ಸ್ಪ್ರೇ ಹೊಡೆದು ನೋಡಿದರೆ ಎಲ್ಲೂ ಲೀಕ್ ಸಿಗುತ್ತಿಲ್ಲ. ಒಬ್ಬರು ದಪ್ಪ ಗ್ಯಾಸ್ಕೆಟ್ ಹಾಕು ಅಂತಾರೆ, ಇನ್ನೊಬ್ಬರು ಎರಡು ಗ್ಯಾಸ್ಕೆಟ್ ಜೋಡಿಸು ಅಂತಾರೆ. ಅಲ್ಯೂಮಿನಿಯಂ ಯಾವತ್ತೂ ಸರಿಯಾಗಿ ಸೀಲ್ ಆಗುವುದಿಲ್ಲ ಅನ್ನುವವರೂ ಇದ್ದಾರೆ. ಬೋಲ್ಟ್‌ಗಳನ್ನು ಇನ್ನಷ್ಟು ಬಿಗಿ ಮಾಡಲೇ? ಯಾವ ಸೀಲೆಂಟ್ ಒಳ್ಳೆಯದು?

ಉತ್ತರ: ಎರಡು ಸಲ ಬಿಚ್ಚಿ ಜೋಡಿಸಿಯೂ ಕೆಲಸ ನಿಲ್ಲದಿದ್ದರೆ ಎಷ್ಟು ಬೇಜಾರಾಗುತ್ತದೆ ಅಂತ ನನಗೆ ಗೊತ್ತು. ನೀವು ಕೇಳಿರುವುದು ಸೀಲೆಂಟ್ ಬಗ್ಗೆ. ಆದರೆ ನನ್ನ ಕಣ್ಣು ನಿಂತಿದ್ದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತಿನ ಮೇಲೆ: ಹೆಡ್‌ಗಳಿಗೆ ಫೇಸಿಂಗ್ ಮಾಡಿಸಿದ್ದೀರಿ. ಅದು ಆಮೇಲೆ. ಮೊದಲು ಈಗ ಲೀಕ್ ಎಲ್ಲಿದೆ ಅಂತ ನೋಡೋಣ.

ಹೊರಗೆ ಸ್ಪ್ರೇ ಹೊಡೆದಾಗ ಲೀಕ್ ಸಿಗಲಿಲ್ಲ ಅಂದರೆ ಲೀಕ್ ಇಲ್ಲ ಅಂತ ಅರ್ಥವಲ್ಲ. ವಿ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಎರಡು ಹೆಡ್‌ಗಳ ನಡುವೆ ಬೆಣೆಯ ಹಾಗೆ ಕೂರುತ್ತದೆ. ಅದರ ಮೇಲಂಚು ಹೊರಗಿನ ಗಾಳಿಗೆ ತೆರೆದಿರುತ್ತದೆ, ಕೆಳಂಚು ಟ್ಯಾಪೆಟ್‌ಗಳಿರುವ ಕಣಿವೆಗೆ ತೆರೆದಿರುತ್ತದೆ. ಆ ಕಣಿವೆಯ ತುಂಬ ಆಯಿಲ್ ಹನಿ, ಆಯಿಲ್ ಆವಿ. ಪೋರ್ಟ್‌ನ ಕೆಳಗಡೆ ಗ್ಯಾಸ್ಕೆಟ್ ಬಿಗಿಯಾಗಿ ಕೂತಿಲ್ಲದಿದ್ದರೆ ಎಂಜಿನ್ ಉಸಿರೆಳೆಯುವಾಗಲೆಲ್ಲ ಆ ಆಯಿಲ್ ಒಳಗೆ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಮುಚ್ಚಿ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ತುಂಬ ಜಾಸ್ತಿಯಾಗುತ್ತದೆ. ಆಗಲೇ ನೀಲಿ ಹೊಗೆ ಬರುವುದು. ಮೇಲಿನಿಂದ ಎಷ್ಟು ಸ್ಪ್ರೇ ಹೊಡೆದರೂ ಅದು ಕೆಳಂಚಿಗೆ ತಲುಪುವುದಿಲ್ಲ, ಅಲ್ವಾ? ಹಾಗಾಗಿ ನಿಮಗೆ ಏನೂ ಸಿಗಲಿಲ್ಲ.

ಇದೇ ಲಕ್ಷಣ ವಾಲ್ವ್ ಸೀಲ್ ಹೋದಾಗಲೂ ಬರುತ್ತದೆ. ಎರಡನ್ನೂ ಬೇರೆ ಮಾಡಲು ಒಂದು ಸುಲಭದ ಪರೀಕ್ಷೆ ಇದೆ. ಮ್ಯಾನಿಫೋಲ್ಡ್‌ಗೆ ಬರುವ ಪಿಸಿವಿ ಪೈಪ್ (ಎಂಜಿನ್ ಒಳಗಿನ ಗ್ಯಾಸ್ ಅನ್ನು ಮ್ಯಾನಿಫೋಲ್ಡ್‌ಗೆ ಎಳೆಯುವ ಪೈಪ್) ಕಳಚಿ, ಮ್ಯಾನಿಫೋಲ್ಡ್ ಕಡೆಯ ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿ. ವಾಲ್ವ್ ಕವರ್‌ನ ಬ್ರೀದರ್‌ಗಳನ್ನೂ (ಗಾಳಿಯಾಡುವ ಬಾಯಿಗಳು), ಕಳಚಿದ ಪಿಸಿವಿ ತೂತನ್ನೂ ಮುಚ್ಚಿ. ಡಿಪ್‌ಸ್ಟಿಕ್ ಜಾಗದಲ್ಲೇ ಇರಲಿ. ಆಯಿಲ್ ಹಾಕುವ ಬಾಯಿಗೆ ಒಂದು ತೆಳು ರಬ್ಬರ್ ಕೈಗವಸು ಎಳೆದು ಕಟ್ಟಿ, ಎಂಜಿನ್ ಅನ್ನು ಐಡಲ್‌ನಲ್ಲಿ ಬಿಡಿ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ಬರುತ್ತದೆ. ಆದ್ದರಿಂದ ಸರಿಯಿರುವ ಎಂಜಿನ್‌ನಲ್ಲಿ ಗವಸು ನಿಧಾನವಾಗಿ ಉಬ್ಬಿ ಬೆರಳುಗಳು ಎದ್ದು ನಿಲ್ಲುತ್ತವೆ. ಅದರ ಬದಲು ಬೆರಳುಗಳು ಒಳಕ್ಕೆ ಎಳೆದುಕೊಂಡರೆ ಮ್ಯಾನಿಫೋಲ್ಡ್ ಕಣಿವೆಯಿಂದ ಉಸಿರೆಳೆಯುತ್ತಿದೆ ಅಂತಲೇ ಲೆಕ್ಕ. ಅರ್ಧ ನಿಮಿಷ ಸಾಕು. ಜಾಸ್ತಿ ಹೊತ್ತು ಬಿಟ್ಟರೆ ಒಳಗಿನ ಒತ್ತಡ ಕ್ರ್ಯಾಂಕ್ ಸೀಲ್‌ಗಳನ್ನು ತಳ್ಳಬಹುದು. ಗವಸು ಉಬ್ಬಿದರೆ ವಾಲ್ವ್ ಸೀಲ್ ಕಡೆ ನೋಡಿ. ನೀವು ಬರೆದಿರುವುದನ್ನೆಲ್ಲ ಓದಿದರೆ ಅದು ಒಳಕ್ಕೇ ಹೋಗುತ್ತದೆ ಅನ್ನುವುದು ನನ್ನ ಅಂದಾಜು.

ಈಗ ಫೇಸಿಂಗ್ ವಿಷಯ. ಹೆಡ್‌ನ ತಳ ಕತ್ತರಿಸಿದಷ್ಟು ಹೆಡ್ ಬ್ಲಾಕ್ ಮೇಲೆ ಕೆಳಗೆ ಕೂರುತ್ತದೆ. ವಿ ಎಂಜಿನ್‌ನಲ್ಲಿ ಹೆಡ್ ಓರೆಯಾಗಿರುವುದರಿಂದ ಅದು ಕೆಳಕ್ಕೂ ಬರುತ್ತದೆ, ಒಳಕ್ಕೂ ಬರುತ್ತದೆ. ಎರಡು ಹೆಡ್ ಒಂದಕ್ಕೊಂದು ಹತ್ತಿರವಾದವು. ನಡುವೆ ಕೂರಬೇಕಾದ ಬೆಣೆ ಮಾತ್ರ ಹಳೆ ಅಳತೆಯದೇ. ಹೀಗಾದಾಗ ಹೆಡ್‌ಗೆ ಹೋಲಿಸಿದರೆ ಮ್ಯಾನಿಫೋಲ್ಡ್ ಎತ್ತರದಲ್ಲಿ ನಿಲ್ಲುತ್ತದೆ. ಅದರ ಕೆಳ ಅಂಚು ಹೆಡ್‌ನ ಪೋರ್ಟ್ ತಳದ ಹತ್ತಿರಕ್ಕೆ ಸರಿಯುತ್ತದೆ. ಪೋರ್ಟ್ ಕೆಳಗಿರುವ ಗ್ಯಾಸ್ಕೆಟ್ ಪಟ್ಟಿಯನ್ನು ಒತ್ತಿ ಹಿಡಿಯಲು ಅಲ್ಲಿ ಲೋಹವೇ ಸಾಲುವುದಿಲ್ಲ. ಬೋಲ್ಟ್ ತೂತುಗಳೂ ಒಂದರ ನೇರ ಒಂದು ಬರುವುದಿಲ್ಲ. ಬೋಲ್ಟ್ ತೂತಿನ ಅಂಚಿಗೆ ಒರಗಿ ಹೋಗುತ್ತದೆ. ಟಾರ್ಕ್ ರೆಂಚ್ ಕ್ಲಿಕ್ ಅಂದರೂ ಅದರಲ್ಲಿ ಒಂದಷ್ಟು ಬಲ ಈ ಉಜ್ಜಾಟಕ್ಕೇ ಖರ್ಚಾಗಿರುತ್ತದೆ, ಗ್ಯಾಸ್ಕೆಟ್‌ಗೆ ತಲುಪಿರುವುದಿಲ್ಲ. ಕೈಯಿಂದ ತಿರುಗಿಸುವಾಗಲೇ ಕೆಲವು ಬೋಲ್ಟ್ ಹಿಡಿದುಕೊಂಡವಾ? ನೆನಪು ಮಾಡಿಕೊಳ್ಳಿ. ಅದು ದೊಡ್ಡ ಸುಳಿವು.

ಇಷ್ಟು ತಿಳಿದ ಮೇಲೆ ದಪ್ಪ ಗ್ಯಾಸ್ಕೆಟ್ ಸಲಹೆ ಯಾಕೆ ತಪ್ಪು ಅಂತ ನಿಮಗೇ ಗೊತ್ತಾಗುತ್ತದೆ. ಎರಡೂ ಬದಿಗೆ ದಪ್ಪ ಜಾಸ್ತಿಯಾದರೆ ಬೆಣೆ ಇನ್ನೂ ಮೇಲೇರುತ್ತದೆ. ನಿಮ್ಮ ತೊಂದರೆ ಇರುವುದೇ ಅದು ಮೇಲಿರುವುದರಿಂದ. ಎರಡು ಗ್ಯಾಸ್ಕೆಟ್ ಜೋಡಿಸುವುದು ಅದಕ್ಕಿಂತ ಕೆಟ್ಟದ್ದು. ಒಂದರ ಮೇಲೊಂದು ಜಾರುತ್ತವೆ. ದಪ್ಪ ಹೆಚ್ಚಿದಷ್ಟೂ ಗ್ಯಾಸ್ಕೆಟ್ ಬಿಸಿಯಲ್ಲಿ ಜಾಸ್ತಿ ಕುಗ್ಗುತ್ತದೆ, ಬೋಲ್ಟ್‌ನ ಹಿಡಿತ ಸಡಿಲವಾಗುತ್ತದೆ. ಗ್ಯಾಸ್ಕೆಟ್ ಅಂದರೆ ಸಂದು ತುಂಬುವ ವಸ್ತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದರ ಕೆಲಸ ಲೋಹದ ಮೇಲಿನ ಸಣ್ಣ ಗೀರು, ಕಣ್ಣಿಗೆ ಕಾಣದ ಉಬ್ಬುತಗ್ಗು ಮುಚ್ಚುವುದು, ಅಷ್ಟೇ. ಸೀಲ್ ಮಾಡುವುದು ಎರಡು ಸಮತಟ್ಟಾದ ಮುಖಗಳು ಮತ್ತು ಅವನ್ನು ಒತ್ತಿ ಹಿಡಿಯುವ ಬೋಲ್ಟ್.

ಅಲ್ಯೂಮಿನಿಯಂ ಸೀಲ್ ಆಗುವುದಿಲ್ಲ ಅನ್ನುವ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. 400 ಮಿ.ಮೀ. ಉದ್ದದ ಮ್ಯಾನಿಫೋಲ್ಡ್ 80 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ 0.7 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಉದ್ದವಾಗುತ್ತದೆ. ಅಷ್ಟೇ ಉದ್ದದ ಕಬ್ಬಿಣದ ಹೆಡ್ ಹಿಗ್ಗುವುದು 0.35 ಮಿ.ಮೀ. ಆಸುಪಾಸು. ಅಂದರೆ ಪ್ರತಿ ಸಲ ಎಂಜಿನ್ ಬಿಸಿಯಾಗಿ ತಣ್ಣಗಾದಾಗ ನಡುವಿನ ಗ್ಯಾಸ್ಕೆಟ್ ಮಿಲಿಮೀಟರ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಿಂದೆ ಮುಂದೆ ಉಜ್ಜಿಸಿಕೊಳ್ಳುತ್ತದೆ. ಈ ಓಡಾಟಕ್ಕೆ ಜಾಗ ಬಿಟ್ಟರೆ ಅಲ್ಯೂಮಿನಿಯಂ ವರ್ಷಗಟ್ಟಲೆ ಒಣಗಿದಂತೆ ಇರುತ್ತದೆ. ಗ್ಯಾಸ್ಕೆಟ್‌ನ ಎರಡೂ ಮುಖವನ್ನು ಗಟ್ಟಿಯಾಗುವ ಅಂಟಿನಿಂದ ಹಿಡಿದುಬಿಟ್ಟರೆ ಅದು ನಡುವೆ ಹರಿಯುತ್ತದೆ. ಅದಕ್ಕೇ ನಾನು ಅಂಟು ಬೇಕೇ ಬೇಕು ಅನ್ನಿಸಿದಲ್ಲಿ ಹೆಡ್ ಬದಿಗೆ ಮಾತ್ರ ತೆಳುವಾಗಿ ಹಚ್ಚುತ್ತೇನೆ. ಅದೂ ಗ್ಯಾಸ್ಕೆಟ್ ಜಾಗದಲ್ಲಿ ನಿಲ್ಲಲಿ ಅಂತ. ಮ್ಯಾನಿಫೋಲ್ಡ್ ಬದಿ ಜಾರಲು ಬಿಡುತ್ತೇನೆ.

ಇನ್ನು ಸಿಲಿಕೋನ್. ನೀವು ಮಾಡಿದ ಕೆಲಸದಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಇದೊಂದೇ. ಸಾಮಾನ್ಯ ಆರ್‌ಟಿವಿ ಸಿಲಿಕೋನ್ ಆಯಿಲ್ ತಡೆಯುತ್ತದೆ, ಕೂಲೆಂಟ್ ತಡೆಯುತ್ತದೆ, ಪೆಟ್ರೋಲ್ ತಡೆಯುವುದಿಲ್ಲ. ಪೆಟ್ರೋಲ್ ತಾಗಿದರೆ ಉಬ್ಬಿ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಕಾರ್ಬೊರೇಟರ್ ಎಂಜಿನ್‌ನಲ್ಲಿ ಪೋರ್ಟ್ ಗೋಡೆಯೆಲ್ಲ ಪೆಟ್ರೋಲ್ ಒದ್ದೆ. ಜೊತೆಗೆ ಹಸಿ ಸಿಲಿಕೋನ್ ಜಾರುತ್ತದೆ. ಬೋಲ್ಟ್ ಬಿಗಿಯುವಾಗ ಗ್ಯಾಸ್ಕೆಟ್ ತಾನಿದ್ದ ಜಾಗ ಬಿಟ್ಟು ಕೆಳಕ್ಕೆ ಸರಿದುಬಿಡುತ್ತದೆ. ಮೇಲಿನಿಂದ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಒಮ್ಮೆ ನಮ್ಮಲ್ಲಿಗೆ ಆಯಿಲ್ ಪ್ರೆಶರ್ ಕಡಿಮೆ ಅಂತ ಒಂದು ಎಂಜಿನ್ ಬಂತು. ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಬಿಚ್ಚಿದರೆ ಪಂಪ್‌ನ ಜಾಲರಿಗೆ ನೀಲಿ ಎಳೆಗಳು ಹುಳುಗಳ ಹಾಗೆ ಅಂಟಿಕೊಂಡಿದ್ದವು. ಬೆರಳಲ್ಲಿ ಎಳೆದರೆ ರಬ್ಬರ್‌ನಂತೆ ಹಿಗ್ಗುತ್ತಿದ್ದವು. ಮ್ಯಾನಿಫೋಲ್ಡ್ ಕೂರಿಸಿದಾಗ ಹೊರಕ್ಕೆ ಬಂದ ಸಿಲಿಕೋನ್ ಅನ್ನು ಅವರು ಒರೆಸಿದ್ದರು. ಅಷ್ಟೇ ಸಿಲಿಕೋನ್ ಒಳಕ್ಕೂ ಬಂದಿತ್ತು, ಅದನ್ನು ಒರೆಸುವವರು ಯಾರೂ ಇರಲಿಲ್ಲ. ಅಂದಿನಿಂದ ಯಾರಾದರೂ ಧಾರಾಳವಾಗಿ ಬಳಿದೆ ಅಂದರೆ ನಾನು ಮೊದಲು ಕೇಳುವುದು ಆಯಿಲ್ ಪ್ರೆಶರ್ ಎಷ್ಟಿದೆ ಅಂತ. ನೀವೂ ಇವತ್ತೇ ನೋಡಿಕೊಳ್ಳಿ.

ಹಾಗಂತ ಸಿಲಿಕೋನ್ ಕೆಟ್ಟದ್ದಲ್ಲ. ಅದರ ಜಾಗ ಬೇರೆ. ಮ್ಯಾನಿಫೋಲ್ಡ್ ಮುಂದೆ ಮತ್ತು ಹಿಂದೆ ಬ್ಲಾಕ್‌ನ ಗೋಡೆಯ ಮೇಲೆ ಕೂರುವ ಕಡೆ, ನೀವು ರಬ್ಬರ್ ಪಟ್ಟಿ ಇಟ್ಟಿದ್ದಿರಲ್ಲ, ಅಲ್ಲಿ ಸಿಲಿಕೋನೇ ಸರಿ. ಹೆಡ್‌ಗೆ ಫೇಸಿಂಗ್ ಆದ ಎಂಜಿನ್‌ನಲ್ಲಿ ಆ ಸಂದು ಕಿರಿದಾಗಿರಬಹುದು. ಅಲ್ಲಿ ದಪ್ಪ ರಬ್ಬರ್ ಪಟ್ಟಿ ಇಟ್ಟರೆ ಅದೇ ಮ್ಯಾನಿಫೋಲ್ಡ್ ಅನ್ನು ಎತ್ತಿ ಹಿಡಿಯುತ್ತದೆ, ಇಲ್ಲವೇ ಆಯಿಲ್ ತಾಗಿ ಜಾರಿ ಹೊರಕ್ಕೆ ಬರುತ್ತದೆ. ನಿಮ್ಮ ಮೊದಲ ಸಲದ ಆಯಿಲ್ ಲೀಕ್ ಬಹುಶಃ ಅದೇ. ಸಂದಿನಲ್ಲಿ 6 ಮಿ.ಮೀ. ದಪ್ಪದ ಒಂದೇ ಎಳೆ ಸಿಲಿಕೋನ್, ತುದಿಗಳಲ್ಲಿ ಪಕ್ಕದ ಗ್ಯಾಸ್ಕೆಟ್ ಮೇಲಕ್ಕೆ 12 ಮಿ.ಮೀ.ಯಷ್ಟು ಹತ್ತಿಸಿ. ಆ ನಾಲ್ಕು ಮೂಲೆಗಳಲ್ಲೇ ಬ್ಲಾಕ್, ಹೆಡ್, ಮ್ಯಾನಿಫೋಲ್ಡ್ ಮೂರೂ ಕೂಡುವುದು. ಹಿಂದಿನ ಎರಡು ಮೂಲೆ ಕಣ್ಣಿಗೂ ಕೈಗೂ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ಜಾಸ್ತಿ ಲೀಕ್ ಆಗುವುದೂ ಅಲ್ಲೇ.

ನೀರಿನ ದಾರಿಗಳ ಸುತ್ತ ಏನು ಮಾಡಬೇಕು ಅನ್ನುವುದು ನಿಮ್ಮ ಗ್ಯಾಸ್ಕೆಟ್ ನೋಡಿ ನಿರ್ಧರಿಸಬೇಕು. ಬೆರಳು ಸವರಿದಾಗ ತೂತುಗಳ ಸುತ್ತ ಉಬ್ಬಿದ ರಬ್ಬರ್ ಅಥವಾ ಸಿಲಿಕೋನ್ ಗೆರೆ ಸಿಕ್ಕಿದರೆ ಅದನ್ನು ಒಣದಾಗಿಯೇ ಹಾಕಿ. ಆ ಗೆರೆಯ ಮೇಲೆ ಇನ್ನೇನೂ ಬೇಡ. ಸಾದಾ ನಾರಿನ ಗ್ಯಾಸ್ಕೆಟ್ ಆದರೆ ನೀರಿನ ತೂತುಗಳ ಸುತ್ತ ಮಾತ್ರ, ಎರಡೂ ಬದಿಗೆ, ಬೆರಳಲ್ಲಿ ಸವರಿದಷ್ಟು ತೆಳು ಪದರ. ಪೋರ್ಟ್‌ಗಳ ಸುತ್ತ ಏನೂ ಇಲ್ಲ. ಕೂಲೆಂಟ್ ಇಳಿಯುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಕೆಲವು ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್ ಬೋಲ್ಟ್ ತೂತು ನೀರಿನ ಜಾಗಕ್ಕೋ ಆಯಿಲ್ ಕಣಿವೆಗೋ ತೆರೆದುಕೊಂಡಿರುತ್ತದೆ. ತಂತಿ ತೂರಿಸಿ ನೋಡಿ. ತಳ ಸಿಗದಿದ್ದರೆ ಆ ಬೋಲ್ಟ್‌ನ ಹಲ್ಲುಗಳಿಗೆ ಥ್ರೆಡ್ ಸೀಲೆಂಟ್ ಬೇಕು.

ಕೂಲೆಂಟ್ ವಿಷಯದಲ್ಲಿ ತಡ ಮಾಡಬೇಡಿ. ಡಿಪ್‌ಸ್ಟಿಕ್ ಮೇಲಿನ ಆಯಿಲ್ ಹಾಲು ಬೆರೆತಂತೆ ಮಸುಕಾಗಿದ್ದರೆ ಎಂಜಿನ್ ಸ್ಟಾರ್ಟ್ ಮಾಡುವುದನ್ನೇ ನಿಲ್ಲಿಸಿ. ಕೂಲೆಂಟ್ ಸೇರಿದ ಆಯಿಲ್ ಬೇರಿಂಗ್‌ಗಳನ್ನು ಬೇಗ ತಿಂದುಹಾಕುತ್ತದೆ. ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದರೆ ಅಷ್ಟು ಗಾಬರಿ ಬೇಡ. ಎಂಜಿನ್ ಪೂರ್ತಿ ಬಿಸಿಯಾಗದೆ ಸಣ್ಣ ಸಣ್ಣ ಓಡಾಟ ಮಾಡಿದರೆ ತೇವ ಅಲ್ಲಿ ಹಾಗೆ ಕೂರುತ್ತದೆ.

ಬೋಲ್ಟ್ ಇನ್ನಷ್ಟು ಬಿಗಿ ಮಾಡಲೇ ಅಂತ ಕೇಳಿದ್ದೀರಿ. ಬೇಡ. ಈಗ ಸಿಲಿಕೋನ್ ಒಣಗಿದೆ. ಮತ್ತೆ ಬಿಗಿದರೆ ಇರುವ ಹಿಡಿತವೂ ಬಿಡುತ್ತದೆ. ಕೆಳಂಚಿನ ತೊಂದರೆ ಅದರಿಂದ ಸರಿಹೋಗುವುದೂ ಇಲ್ಲ. ಅಲ್ಯೂಮಿನಿಯಂ ಬಾಗಬಹುದು, ಬೋಲ್ಟ್ ಕೂರುವ ಕಿವಿ ಮುರಿಯಬಹುದು.

ಹಾಗಾದರೆ ಬಿಚ್ಚಲೇಬೇಕು. ಎಂಜಿನ್ ತಣ್ಣಗಿರುವಾಗ, ಮೊದಲು ಕೂಲೆಂಟ್ ಇಳಿಸಿಯೇ ಮ್ಯಾನಿಫೋಲ್ಡ್ ಎತ್ತಿ. ಇಲ್ಲದಿದ್ದರೆ ಅದೆಲ್ಲ ಕಣಿವೆಗೆ, ಅಲ್ಲಿಂದ ಆಯಿಲ್‌ಗೆ ಸುರಿಯುತ್ತದೆ. ತೆಗೆದ ಗ್ಯಾಸ್ಕೆಟ್ ಎಸೆಯಬೇಡಿ. ಬಿಸಿಲಿಗೆ ಹಿಡಿದು ನೋಡಿ. ಚೆನ್ನಾಗಿ ಒತ್ತಿದ ಜಾಗ ನುಣುಪಾಗಿ ಹೊಳೆಯುತ್ತದೆ, ಲೋಹದ ಅಚ್ಚು ಮೂಡಿರುತ್ತದೆ. ಒತ್ತದ ಜಾಗ ಹೊಸದರ ಹಾಗೆಯೇ ಉಬ್ಬಿಕೊಂಡು ಮಂಕಾಗಿರುತ್ತದೆ. ಲೀಕ್ ಆದ ಕಡೆ ಪೋರ್ಟ್‌ನಿಂದ ಅಂಚಿನವರೆಗೆ ಕಪ್ಪು ಆಯಿಲ್ ದಾರಿ ಕಾಣುತ್ತದೆ. ಎರಡು ಒದ್ದೆ ಪ್ಲಗ್ ಯಾವ ಸಿಲಿಂಡರ್‌ದು ಅಂತ ಬರೆದಿಟ್ಟುಕೊಂಡಿದ್ದರೆ ಆ ಪೋರ್ಟ್‌ಗಳನ್ನೇ ಮೊದಲು ನೋಡಿ. ಮೇಲಂಚು ಹೊಳೆದು ಕೆಳಂಚು ಮಂಕಾಗಿದ್ದರೆ ಉಳಿದದ್ದನ್ನು ನಾನು ಹೇಳಬೇಕಾಗಿಯೇ ಇಲ್ಲ.

ಒರೆಸುವಾಗ ಪೋರ್ಟ್‌ಗಳಿಗೆ ಬಟ್ಟೆ ತುರುಕಿ, ಕಣಿವೆ ಮುಚ್ಚಿ, ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಸಾವಕಾಶವಾಗಿ ಕೆರೆಯಿರಿ. ಡ್ರಿಲ್‌ಗೆ ಸಿಕ್ಕಿಸಿ ಉಜ್ಜುವ ಬಿಲ್ಲೆ ದಯವಿಟ್ಟು ಬೇಡ. ಅಲ್ಯೂಮಿನಿಯಂನಲ್ಲಿ ಅದು ಕ್ಷಣದಲ್ಲಿ ತಗ್ಗು ಮಾಡುತ್ತದೆ. ಅದರಿಂದ ಉದುರುವ ಪುಡಿ ಬೇರಿಂಗ್‌ಗೆ ಮರಳು ಕಾಗದವಿದ್ದಂತೆ. ಕೊನೆಗೆ ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಬ್ಲಾಕ್ ಗೋಡೆಯ ಮೇಲೆ ಆಯಿಲ್ ಪಸೆ ಉಳಿದರೆ ಯಾವ ಸಿಲಿಕೋನೂ ಹಿಡಿಯುವುದಿಲ್ಲ.

ಆಮೇಲೆ, ಸೀಲೆಂಟ್ ಮುಟ್ಟುವ ಮೊದಲು, ಸುಮ್ನೆ ಒಣದಾಗಿ ಕೂರಿಸಿ ನೋಡಿ. ಇದಕ್ಕೆ ಒಂದು ಗಂಟೆ ಹೋದರೂ ಹೋಗಲಿ. ಮೊದಲು ಹೆಡ್ ಮತ್ತು ಮ್ಯಾನಿಫೋಲ್ಡ್ ಮುಖಗಳ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ಅಳೆಯಿರಿ. 0.1 ಮಿ.ಮೀ. ಎಲೆ ಎಲ್ಲಾದರೂ ತೂರಿದರೆ ಆ ಮುಖಕ್ಕೆ ಕೆಲಸ ಇದೆ. ಬಳಿಕ ಪಕ್ಕದ ಗ್ಯಾಸ್ಕೆಟ್ ಮಾತ್ರ ಇಟ್ಟು, ಮುಂದೆ ಹಿಂದೆ ಏನೂ ಇಡದೆ ಮ್ಯಾನಿಫೋಲ್ಡ್ ಇಳಿಸಿ. ಅದು ಬ್ಲಾಕ್ ಗೋಡೆಗೆ ತಾಗಬಾರದು, ಎರಡೂ ತುದಿಯಲ್ಲಿ ಸಂದು ಸಮನಾಗಿ ಕಾಣಬೇಕು. ಫೀಲರ್ ಎಲೆಯನ್ನು ಮ್ಯಾನಿಫೋಲ್ಡ್ ಮತ್ತು ಗ್ಯಾಸ್ಕೆಟ್ ನಡುವೆ ಮೇಲಿನಿಂದಲೂ, ತುದಿಗಳಲ್ಲಿ ಕೈ ಹೋದಷ್ಟು ಕೆಳಗಿನಿಂದಲೂ ತೂರಿಸಿ ನೋಡಿ. ಒಂದೇ ಅಂಚಿನಲ್ಲಿ ತೂರಿದರೆ ಕೋನ ಹೊಂದುತ್ತಿಲ್ಲ. ಕಾಣದ ಕೆಳಂಚಿಗೆ ಒಂದು ಉಪಾಯ: ಮ್ಯಾನಿಫೋಲ್ಡ್ ಮುಖಕ್ಕೆ ತೆಳುವಾಗಿ ಬಣ್ಣದ ಪೇಸ್ಟ್ ಸವರಿ, ಕೂರಿಸಿ, ಬೋಲ್ಟ್ ಹಗುರವಾಗಿ ಬಿಗಿದು ಮತ್ತೆ ಎತ್ತಿ. ಬಣ್ಣ ಪೋರ್ಟ್ ಸುತ್ತ ಪೂರ್ತಿ ಬಿದ್ದಿರಬೇಕು.

ಬೋಲ್ಟ್‌ಗಳೆಲ್ಲ ಬೆರಳಲ್ಲೇ ತಿರುಗಿ ಒಳಹೋದವು, ಬಣ್ಣವೂ ಸುತ್ತ ಬಿದ್ದಿದೆ ಅಂದರೆ ನೀವು ಅದೃಷ್ಟವಂತರು. ತಪ್ಪಿದ್ದು ರಬ್ಬರ್ ಪಟ್ಟಿ ಮತ್ತು ಸಿಲಿಕೋನ್‌ನಿಂದ ಮಾತ್ರ. ಸರಿಯಾದ ದಪ್ಪದ ಹೊಸ ಗ್ಯಾಸ್ಕೆಟ್‌ನಲ್ಲಿ ಕೆಲಸ ಮುಗಿಯುತ್ತದೆ. ತೂತುಗಳು ಸ್ವಲ್ಪವೇ ಮೇಲೆ ನಿಂತರೆ, ಇದ್ದದ್ದಕ್ಕಿಂತ ತೆಳು ಗ್ಯಾಸ್ಕೆಟ್ ಸಿಗುತ್ತದಾ ನೋಡಿ. 1.5 ಮಿ.ಮೀ. ಬದಲು ಅದಕ್ಕಿಂತ ತೆಳುವಾದದ್ದು. ಆದರೆ ತೆಳು ಗ್ಯಾಸ್ಕೆಟ್ ಮುಖದ ಡೊಂಕನ್ನು ಕ್ಷಮಿಸುವುದಿಲ್ಲ, ಮುಖ ಸಮತಟ್ಟಾಗಿದ್ದರೆ ಮಾತ್ರ ಈ ದಾರಿ. ವ್ಯತ್ಯಾಸ ಅದಕ್ಕೂ ಜಾಸ್ತಿ ಇದ್ದರೆ ಮ್ಯಾನಿಫೋಲ್ಡ್‌ನ ಪಕ್ಕದ ಮುಖಗಳಿಗೆ ಫೇಸಿಂಗ್ ಮಾಡಿಸಬೇಕು. ಕೆಳಗೆ ಗೋಡೆಗೆ ತಾಗುವಂತಿದ್ದರೆ ತಳವನ್ನೂ ತೆಗೆಯಬೇಕು. ಎರಡೂ ಬದಿ ಸಮನಾಗಿ ತೆಗೆಯುವುದು ಮುಖ್ಯ. ಇದು ಸರಿಯಾದ ರಿಪೇರಿ, ಆದರೆ ಹಿಂದಕ್ಕೆ ಬಾರದ ಕೆಲಸ. ಹಾಗೆ ಕತ್ತರಿಸಿದ ಮ್ಯಾನಿಫೋಲ್ಡ್ ಮುಂದೆ ಬೇರೆ ಎಂಜಿನ್‌ಗೆ ಕೂರುವುದು ಕಷ್ಟ. ಹೆಡ್‌ನಿಂದ ಎಷ್ಟು ತೆಗೆದರು ಅನ್ನುವ ಅಳತೆಯನ್ನು ಅಂದು ಕೆಲಸ ಮಾಡಿದವರಿಂದ ಕೇಳಿ ತಂದರೆ ಲೆಕ್ಕ ಸುಲಭ. ಬೋಲ್ಟ್ ತೂತನ್ನು ಅರದಿಂದ ಉದ್ದ ಮಾಡಿ ಹೇಗೋ ಕೂರಿಸುವವರನ್ನು ನೋಡಿದ್ದೇನೆ. ಬೋಲ್ಟ್ ಒಳಹೋಗುತ್ತದೆ ನಿಜ, ಪೋರ್ಟ್ ಮಾತ್ರ ಇದ್ದಲ್ಲೇ ಇರುತ್ತದೆ. ಹಳೆಯ ಕಬ್ಬಿಣದ ಮ್ಯಾನಿಫೋಲ್ಡ್‌ಗೆ ವಾಪಸ್ ಹೋದರೆ ಆಗುತ್ತದಾ? ಆಗಬಹುದು, ಆದರೆ ಅದಕ್ಕೂ ಇದೇ ಒಣ ಪರೀಕ್ಷೆ ಮಾಡಬೇಕು. ಹೆಡ್ ಬದಲಾಗಿದೆಯಲ್ಲ.

ಹೀಗೇ ಓಡಿಸಿದರೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಒದ್ದೆ ಪ್ಲಗ್ ಒಂದು ದಿನ ಮಿಸ್ ಹೊಡೆಯತೊಡಗುತ್ತದೆ, ಸಿಲಿಂಡರ್‌ನಲ್ಲಿ ಕರಿ ಕಟ್ಟುತ್ತದೆ. ಎಳೆಯುವುದು ಆಯಿಲ್ ಬದಲು ಬರೀ ಗಾಳಿಯಾದರೆ ಆ ಸಿಲಿಂಡರ್‌ಗೆ ಪೆಟ್ರೋಲ್ ಪಾಲು ಕಡಿಮೆಯಾಗಿ, ಭಾರ ಬಿದ್ದಾಗ ನಾಕಿಂಗ್ ಬರುತ್ತದೆ, ವಾಲ್ವ್ ಸುಡಬಹುದು. ಕೂಲೆಂಟ್ ಇಳಿಯುತ್ತಿರುವಾಗ ಇದರಲ್ಲಿ ಯಾವುದಕ್ಕೂ ಕಾಯುವುದು ಬೇಡ.

ಕೊನೆಯ ಜೋಡಣೆ ಹೀಗೆ ಮಾಡಿ. ನಾಲ್ಕು ಮೂಲೆಯ ತೂತುಗಳಲ್ಲಿ ಎರಡಕ್ಕೆ ತಲೆ ಕತ್ತರಿಸಿದ ಉದ್ದ ಬೋಲ್ಟ್ ಹಾಕಿ, ದಾರಿ ತೋರಿಸಲು. ಸಿಲಿಕೋನ್ ಎಳೆದ ಮೇಲೆ ಹತ್ತು ನಿಮಿಷದಲ್ಲಿ ಮೇಲೆ ಪೊರೆ ಕಟ್ಟುತ್ತದೆ, ಅದಕ್ಕೆ ಮೊದಲು ಮ್ಯಾನಿಫೋಲ್ಡ್ ನೇರವಾಗಿ ಕೆಳಗಿಳಿಯಬೇಕು. ಇಬ್ಬರು ಹಿಡಿದರೆ ಒಳ್ಳೆಯದು. ಹಿಂದೆ ಮುಂದೆ ಎಳೆದಾಡಿದರೆ ಎಳೆ ಒರೆಸಿಹೋಗುತ್ತದೆ, ಹಾಗಾದರೆ ಎತ್ತಿ, ಪೂರ್ತಿ ಒರೆಸಿ ಮತ್ತೆ ಹಾಕಿ. ಬೋಲ್ಟ್‌ಗಳನ್ನು ಮೊದಲು ಕೈಯಲ್ಲಿ ಕೂರಿಸಿ, ನಡುವಿನಿಂದ ಹೊರಕ್ಕೆ, ಒಮ್ಮೆ ಈ ಬದಿ ಒಮ್ಮೆ ಆ ಬದಿ ಬದಲಿಸುತ್ತ, ಮೂರು ಸುತ್ತಿನಲ್ಲಿ ಬಿಗಿಯಿರಿ. ಎಂ8 ಬೋಲ್ಟ್ ಆದರೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, ಮೂರು-ಎಂಟಾಂಶ ಇಂಚಿನದಾದರೆ 30ರಿಂದ 40ರ ಒಳಗೆ. ಮ್ಯಾನಿಫೋಲ್ಡ್ ಜೊತೆ ಬಂದ ಹಾಳೆ ಬೇರೆ ಹೇಳಿದರೆ ಅದನ್ನೇ ಅನುಸರಿಸಿ. ಹಲ್ಲುಗಳಿಗೆ ಆಯಿಲ್ ತಾಗಿದ್ದರೆ ಅದೇ ಟಾರ್ಕ್‌ನಲ್ಲಿ ಬೋಲ್ಟ್ ಜಾಸ್ತಿ ಎಳೆಯುತ್ತದೆ ಅನ್ನುವುದು ನೆನಪಿರಲಿ. ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಬಿಗಿಯಬೇಕಾ ಅನ್ನುವುದನ್ನೂ ಆ ಹಾಳೆಯೇ ಹೇಳುತ್ತದೆ. ಹೇಳಿಲ್ಲದಿದ್ದರೆ ಮುಟ್ಟಬೇಡಿ.

ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಇರುವ ಹೊಸ ಎಂಜಿನ್‌ನವರು ಇದನ್ನು ಓದುತ್ತಿದ್ದರೆ, ನಿಮಗೆ ಈ ಸಿಲಿಕೋನ್ ಮಾತು ಅನ್ವಯಿಸುವುದಿಲ್ಲ. ಅಲ್ಲಿ ತೋಡಿನಲ್ಲಿ ಕೂರುವ ರಬ್ಬರ್ ಸೀಲ್ ಇರುತ್ತದೆ. ಅದನ್ನು ಒಣದಾಗಿ ಹಾಕಿ, ಹೇಳಿದಷ್ಟೇ ಟಾರ್ಕ್ ಕೊಡಿ.

ಕೂರಿಸಿದ ಮೇಲೆ 24 ಗಂಟೆ ಬಿಡಿ. ಹೊಸ ಮ್ಯಾನಿಫೋಲ್ಡ್‌ನಲ್ಲಿ ಬಳಸದೆ ಉಳಿದ ವ್ಯಾಕ್ಯೂಮ್ ಬಾಯಿಗಳಿಗೆಲ್ಲ ಮುಚ್ಚಳ ಬಿದ್ದಿದೆಯಾ ನೋಡಿ. ಆಯಿಲ್, ಫಿಲ್ಟರ್ ಎರಡೂ ಹೊಸದಾಗಲಿ, ಹಳೆ ಫಿಲ್ಟರ್ ಕತ್ತರಿಸಿ ಒಳಗೆ ಸಿಲಿಕೋನ್ ಎಳೆ ಇದೆಯಾ ಹುಡುಕಿ. ಇದ್ದರೆ ಸಂಪ್ ಬಿಚ್ಚಿ ಜಾಲರಿ ತೊಳೆಯದೆ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಬಿಸಿಯಾದ ಮೇಲೆ ವ್ಯಾಕ್ಯೂಮ್ ಗೇಜ್ ಹಾಕಿ. ಸಾಮಾನ್ಯ ಕ್ಯಾಮ್ ಇರುವ ಎಂಜಿನ್ ಸಮುದ್ರ ಮಟ್ಟದಲ್ಲಿ ಐಡಲ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ, ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆ. ಮುಳ್ಳು ಅಲುಗದೆ ನಿಂತರೆ ಪಿಸಿವಿ ಮುಚ್ಚಿ, ಮತ್ತೊಮ್ಮೆ ಆ ಕೈಗವಸು ಕಟ್ಟಿ. ಈ ಸಲ ಬೆರಳುಗಳು ಎದ್ದು ನಿಲ್ಲಬೇಕು.